ತಪ್ಪಕ್ಷರವೂ ತಪ್ಪು ತೀರ್ಪೂ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ನರವೈವಿಧ್ಯದ ಮಕ್ಕಳು ಮತ್ತು ಕನ್ನಡ ಕಲಿಕೆ

1. ಪೀಠಿಕೆ

ಕನ್ನಡ ಅಧ್ಯಯನ ವಲಯದಲ್ಲಿ ಭಾಷಾ ಕಲಿಕೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಶಿಕ್ಷಣ ಮಾಧ್ಯಮದ ಪ್ರಶ್ನೆಯ ಸುತ್ತಲೇ ನಡೆದಿವೆ. ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬುದನ್ನು ಕುರಿತು ನಾವು ಸಾಕಷ್ಟು ಬರೆದಿದ್ದೇವೆ. ಆದರೆ ತನ್ನ ಮನೆಮಾತೇ ಆದ ಕನ್ನಡವನ್ನು ಓದಲು ಬರೆಯಲು ತೊಡಕುಪಡುವ ಮಗುವಿನ ಬಗೆಗೆ ಭಾಷೆ ಮತ್ತು ಸಾಹಿತ್ಯದ ಅಧ್ಯಾಪಕರಾದ ನಾವು ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಅದನ್ನು ವೈದ್ಯರ, ಮನಶ್ಶಾಸ್ತ್ರಜ್ಞರ, ಇಲ್ಲವೆ ವಿಶೇಷ ಶಿಕ್ಷಕರ ಕ್ಷೇತ್ರವೆಂದು ಬಿಟ್ಟುಕೊಟ್ಟಿದ್ದೇವೆ. ಪ್ರಸ್ತುತ ಲೇಖನವು ಈ ಬಿಟ್ಟುಕೊಡುವಿಕೆಯನ್ನು ಪ್ರಶ್ನಿಸುತ್ತದೆ.

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ನನ್ನದೇ ತಪ್ಪಿನಿಂದ ಎಂಬುದನ್ನು ಮೊದಲಿಗೇ ಹೇಳಬೇಕು. ಪದವಿ ತರಗತಿಯಲ್ಲಿ ಜಾನಪದ ಪಾಠ ಮಾಡುತ್ತಿದ್ದಾಗ ಚನ್ನಗಿರಿ ಕಡೆಯ ವಿದ್ಯಾರ್ಥಿಯೊಬ್ಬ ಸೂಳೆಕೆರೆಯ ಶಾಂತವ್ವನ ಕಥೆಯನ್ನು ಇಡೀ ತರಗತಿ ಉಸಿರು ಹಿಡಿದು ಕೇಳುವಂತೆ ಹೇಳಿದ್ದ. ಅದೇ ಕಥೆಯನ್ನು ಅವನು ಪರೀಕ್ಷೆಯಲ್ಲಿ ಬರೆದಾಗ ಒತ್ತಕ್ಷರಗಳು ಉದುರಿಹೋಗಿದ್ದವು, ದೀರ್ಘಗಳು ಇರಬೇಕಾದಲ್ಲಿ ಇರಲಿಲ್ಲ, ಉತ್ತರ ಅರ್ಧಕ್ಕೇ ನಿಂತಿತ್ತು. ನಾನು ಕೆಂಪು ಶಾಯಿಯಲ್ಲಿ ‘ಅಜಾಗರೂಕತೆ’ ಎಂದು ಬರೆದೆ. ಅವನು ಮುಂದಿನ ವರ್ಷ ಕಾಲೇಜಿಗೆ ಬರಲಿಲ್ಲ. ಅವನಿಗೆ ಇದ್ದದ್ದು ಇಂಥದೇ ತೊಂದರೆ ಎಂದು ಇಂದು ನಿರ್ಧರಿಸಿ ಹೇಳಲಾರೆ. ಆದರೆ ಹೇಳುವವನಿಗೂ ಬರೆಯುವವನಿಗೂ ನಡುವೆ ಇದ್ದ ಆ ಅಂತರವನ್ನು ನೋಡಿಯೂ ಅದರ ಅರ್ಥವೇನು ಎಂದು ನಾನು ಕೇಳಿಕೊಳ್ಳಲಿಲ್ಲ ಎಂಬುದು ನಿಜ. ಭಾಷೆಯನ್ನು ಓದಿದವನು ಕೇಳಬೇಕಾಗಿದ್ದ ಪ್ರಶ್ನೆ ಅದು.

‘ನರವೈವಿಧ್ಯ’ ಎಂಬ ಪರಿಕಲ್ಪನೆ 1990ರ ದಶಕದ ಕೊನೆಯ ವರ್ಷಗಳಲ್ಲಿ, ಮುಖ್ಯವಾಗಿ ಆಟಿಸಂ ಇರುವವರ ನಡುವಿನ ಚರ್ಚೆಗಳಿಂದ ರೂಪುಗೊಂಡಿತು. ಮನುಷ್ಯರ ಮಿದುಳು ಕೆಲಸ ಮಾಡುವ ಬಗೆಗಳು ಹಲವು, ಬಹುಸಂಖ್ಯಾತರ ಬಗೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಾರದು ಎಂಬುದು ಅದರ ತಿರುಳು. ಆಟಿಸಂ, ಗಮನದ ಕೊರತೆ ಹಾಗೂ ಅತಿಚಟುವಟಿಕೆ (ಎಡಿಎಚ್‌ಡಿ), ಓದಿನ ತೊಡಕಾದ ಡಿಸ್ಲೆಕ್ಸಿಯಾ ಮೊದಲಾದವು ಈ ವ್ಯಾಪ್ತಿಗೆ ಬರುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನುಡಿ ಪರಿಸರವನ್ನು ಮುಂದಿಟ್ಟುಕೊಂಡು, ಇಂಥ ಮಕ್ಕಳಿಗೆ ಮನೆ ಮತ್ತು ಶಾಲೆ ನೀಡಬೇಕಾದ ಬೆಂಬಲದಲ್ಲಿ ಕನ್ನಡ ಭಾಷೆಯ ಅರಿವು ಯಾವ ಪಾತ್ರ ವಹಿಸಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ನಾಲ್ಕು ತಾಲ್ಲೂಕುಗಳ ನುಡಿ ಪರಿಸರ

ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿದ ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟಿತು. ಆಡಳಿತದ ದೃಷ್ಟಿಯಿಂದ ಒಂದೇ ಜಿಲ್ಲೆಯಾದರೂ ಬದುಕಿನ ದೃಷ್ಟಿಯಿಂದ ಇವು ಒಂದೇ ಅಲ್ಲ. ಚನ್ನಗಿರಿಯದು ಅಡಿಕೆಯ ಸೀಮೆ. ಹೊನ್ನಾಳಿ ತುಂಗಭದ್ರೆಯ ದಡದ ಊರು. ಜಗಳೂರು ಮಳೆಯನ್ನೇ ನಂಬಿದ, ಬರಕ್ಕೆ ಮತ್ತೆ ಮತ್ತೆ ತುತ್ತಾದ ಸೀಮೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯಕ್ಕೆ ಪವಿತ್ರವಾದುದು.

ಇಲ್ಲಿನ ಆಡುನುಡಿ ಮಧ್ಯ ಕರ್ನಾಟಕದ್ದು. ದಕ್ಷಿಣದ ಮತ್ತು ಉತ್ತರದ ಕನ್ನಡಗಳ ಲಕ್ಷಣಗಳು ಇಲ್ಲಿ ಕೂಡುತ್ತವೆ. ಗ್ರಾಮೀಣ ಮಾತಿನಲ್ಲಿ ಮಹಾಪ್ರಾಣಗಳು ಬಹುಮಟ್ಟಿಗೆ ಇಲ್ಲ. ಶಕಾರ ಷಕಾರಗಳು ಸಕಾರದಲ್ಲಿ ಸೇರಿಹೋಗುತ್ತವೆ. ಕೆಲವೆಡೆ ಪದಾದಿಯ ಹಕಾರ ಬಿದ್ದುಹೋಗುತ್ತದೆ. ಉತ್ತರದ ಕಡೆಗೆ ಸರಿದಂತೆ ಪದಾಂತ್ಯದ ಎಕಾರ ಇಕಾರವಾಗಿ ‘ಮನೆ’ಯು ‘ಮನಿ’ಯಾಗುತ್ತದೆ, ‘ಶಾಲೆ’ಯು ‘ಸಾಲಿ’ಯಾಗುತ್ತದೆ. ಇದರ ಜೊತೆಗೆ ತಾಂಡಾಗಳಲ್ಲಿ ಲಂಬಾಣಿಯನ್ನೂ, ಪಟ್ಟಣಗಳ ಹಲವು ಮನೆಗಳಲ್ಲಿ ಉರ್ದುವನ್ನೂ ಆಡುವ ಮಕ್ಕಳಿದ್ದಾರೆ. ಇವರೆಲ್ಲರೂ ಒಂದೇ ಪಠ್ಯಪುಸ್ತಕವನ್ನು ಹಿಡಿದು ಒಂದೇ ತರಗತಿಯಲ್ಲಿ ಕೂರುತ್ತಾರೆ. ಓದಿನ ತೊಡಕಿರುವ ಮಗುವೂ ಅವರ ನಡುವೆಯೇ ಕೂತಿದೆ. ಅದನ್ನು ಗುರುತಿಸುವುದು ಕಷ್ಟವಾಗುವುದು ಇಲ್ಲಿಯೇ.

3. ಹೆಸರಿಡುವ ಕನ್ನಡ

ಮಗುವನ್ನು ಅರಿಯುವ ಮೊದಲೇ ನಾವು ಅದಕ್ಕೆ ಹೆಸರಿಡುತ್ತೇವೆ. ದಡ್ಡ, ಪೆದ್ದ, ಮಂಕ, ಸೋಮಾರಿ, ಚೇಷ್ಟೆಯವನು ಎಂಬ ಪದಗಳು ಊರಿನಲ್ಲೂ ಇವೆ, ಶಾಲೆಯಲ್ಲೂ ಇವೆ. ಇವು ನಡವಳಿಕೆಯೊಂದನ್ನು ಗುಣವಾಗಿ, ಗುಣವನ್ನು ಸ್ವಭಾವವಾಗಿ ಮಾರ್ಪಡಿಸುವ ಪದಗಳು. ‘ಇವನಿಗೆ ಓದುವುದು ಕಷ್ಟವಾಗುತ್ತಿದೆ’ ಎಂಬ ವಾಕ್ಯದಲ್ಲಿ ಕಷ್ಟಕ್ಕೆ ಕಾರಣ ಹುಡುಕುವ ಅವಕಾಶವಿದೆ. ‘ಇವನು ದಡ್ಡ’ ಎಂಬ ವಾಕ್ಯದಲ್ಲಿ ಆ ಅವಕಾಶ ಮುಚ್ಚಿಹೋಗುತ್ತದೆ.

ಆಡಳಿತದ ಕನ್ನಡವೂ ಈ ತೊಡಕಿನಿಂದ ಹೊರತಲ್ಲ. ‘ಅಂಗವಿಕಲ’ ಎಂಬ ಪದ ಕೀಳರಿಮೆ ಹುಟ್ಟಿಸುತ್ತದೆಂಬ ಕಾರಣಕ್ಕೆ ‘ವಿಕಲಚೇತನ’ ಎಂಬುದು ಬಳಕೆಗೆ ಬಂದಿತು. ರಾಜ್ಯದ ಸಂಬಂಧಪಟ್ಟ ಇಲಾಖೆಯ ಹೆಸರಿನಲ್ಲಿಯೂ ಅದೇ ಪದವಿದೆ. ಆಶಯ ಒಳ್ಳೆಯದೇ. ಆದರೆ ಪದದ ರಚನೆಯನ್ನು ಗಮನಿಸಿದರೆ ಅಂಗಕ್ಕೆ ಮಾತ್ರ ಸಂಬಂಧಿಸಿದ್ದ ವೈಕಲ್ಯ ಇಲ್ಲಿ ಚೇತನಕ್ಕೇ ವರ್ಗಾವಣೆಯಾಗಿದೆ. ‘ವಿಶೇಷಚೇತನ’ ಎಂಬ ಪದ ಈ ಮುಜುಗರವನ್ನು ತಪ್ಪಿಸುತ್ತದೆ, ಆದರೆ ಮಗುವನ್ನು ಉಳಿದವರಿಂದ ದೂರ ನಿಲ್ಲಿಸುತ್ತದೆ. ‘ಬುದ್ಧಿಮಾಂದ್ಯ’ ಎಂಬ ಪದವಂತೂ ಆಟಿಸಂ, ಡಿಸ್ಲೆಕ್ಸಿಯಾ, ಬೌದ್ಧಿಕ ನ್ಯೂನತೆ ಎಂಬ ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಚೀಲಕ್ಕೆ ತುಂಬುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿನ ಬುದ್ಧಿಶಕ್ತಿ ಉಳಿದ ಮಕ್ಕಳಂತೆಯೇ ಇರಬಹುದು, ಅವರಿಗಿಂತ ಮೇಲೂ ಇರಬಹುದು ಎಂಬ ಮೂಲಭೂತ ಸಂಗತಿಯನ್ನೇ ಈ ಪದ ಮರೆಮಾಡುತ್ತದೆ.

ನಮ್ಮ ಪರಂಪರೆಯಲ್ಲಿ ಬೇರೊಂದು ಮಾದರಿಯೂ ಉಂಟು. 11ನೆಯ ಶತಮಾನದ ದುರ್ಗಸಿಂಹನ ‘ಪಂಚತಂತ್ರ’ದ ಚೌಕಟ್ಟನ್ನು ನೆನೆಯಬಹುದು. ವಿದ್ಯೆ ಹತ್ತದ ಅರಸುಮಕ್ಕಳಿಗೆ ಕಲಿಸುವ ಹೊಣೆ ಹೊತ್ತ ಗುರುವು ಮಕ್ಕಳನ್ನು ಬದಲಿಸಲು ಹೋಗದೆ ಕಲಿಸುವ ದಾರಿಯನ್ನೇ ಬದಲಿಸುತ್ತಾನೆ, ಶಾಸ್ತ್ರವನ್ನು ಕಥೆಯಾಗಿಸುತ್ತಾನೆ. ಇದನ್ನು ಆಧುನಿಕ ಶಿಕ್ಷಣ ತತ್ತ್ವದ ಪೂರ್ವಸೂಚನೆ ಎಂದು ಹಿಗ್ಗಿಸಿ ಹೇಳಬೇಕಾಗಿಲ್ಲ. ಆದರೆ ಕಲಿಯದಿದ್ದುದಕ್ಕೆ ಕಲಿಯುವವನನ್ನು ಮಾತ್ರ ಹೊಣೆ ಮಾಡದ ಒಂದು ನಿಲುವು ಇಲ್ಲಿದೆ ಎಂಬುದನ್ನು ಗಮನಿಸಬೇಕು.

4. ಲಿಪಿ, ಓದು ಮತ್ತು ತೊಡಕು

ಡಿಸ್ಲೆಕ್ಸಿಯಾ ಕುರಿತ ಜನಪ್ರಿಯ ತಿಳುವಳಿಕೆ ಇಂಗ್ಲಿಶಿನಿಂದ ಬಂದದ್ದು. ಅಕ್ಷರಗಳನ್ನು ಎಡಬಲ ತಿರುಗಿಸಿ ಬರೆಯುವುದೇ ಅದರ ಗುರುತು ಎಂಬ ನಂಬಿಕೆ ವ್ಯಾಪಕವಾಗಿದೆ. ಕನ್ನಡದ ತರಗತಿಯಲ್ಲಿ ಈ ಗುರುತನ್ನೇ ಹುಡುಕುತ್ತ ಕುಳಿತರೆ ತೊಡಕಿರುವ ಮಗು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಕನ್ನಡ ಲಿಪಿಯ ರಚನೆಯಿಂದಲೇ ಆರಂಭಿಸಬೇಕಾಗುತ್ತದೆ.

ಕನ್ನಡದ ಅಕ್ಷರವು ಧ್ವನಿಮಾದ ಗುರುತಲ್ಲ, ಉಚ್ಚಾರಾಂಶದ ಗುರುತು. ಪಠ್ಯಪುಸ್ತಕಗಳ ಎಣಿಕೆಯಂತೆ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ: 13 ಸ್ವರ, 2 ಯೋಗವಾಹ, 34 ವ್ಯಂಜನ. ಮಗು ಇಷ್ಟನ್ನು ಕಲಿತರೆ ಸಾಲದು. ಪ್ರತಿಯೊಂದು ವ್ಯಂಜನಕ್ಕೂ ಕಾಗುಣಿತದ 15 ರೂಪಗಳು ಸೇರಿದರೆ 510 ಆಗುತ್ತದೆ. ಅದರ ಮೇಲೆ ಸಜಾತೀಯ, ವಿಜಾತೀಯ ಸಂಯುಕ್ತಾಕ್ಷರಗಳು. ಈ ರೂಪಗಳಿಗೆ ನಿಯಮವಿದೆ ನಿಜ, ಆದರೆ ನಿಯಮವನ್ನು ಕಂಡುಕೊಳ್ಳುವ ಮೊದಲು ಮಗು ಎಷ್ಟೋ ರೂಪಗಳನ್ನು ಕಣ್ಣಿಗೆ ರೂಢಿಸಿಕೊಳ್ಳಬೇಕು. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರಜ್ಞಾನದ ಗಳಿಕೆ ಇಲ್ಲಿ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ತರಗತಿಗಳ ಉದ್ದಕ್ಕೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿತು. ಉಚ್ಚಾರಾಂಶಗಳ ಅರಿವು ಬೇಗ ಬರುತ್ತದೆ, ಧ್ವನಿಮಾಗಳ ಅರಿವು ನಿಧಾನವಾಗಿ ಬರುತ್ತದೆ. ಎರಡನೆಯ ತರಗತಿಯ ಮಗುವಿಗೆ ಎಲ್ಲ ಒತ್ತಕ್ಷರಗಳೂ ಬರಲಿಲ್ಲವೆಂದು ಗಾಬರಿಪಡಬೇಕಾಗಿಲ್ಲ ಎಂಬುದು ಇದರ ಒಂದು ಫಲಿತ. ಐದನೆಯ ತರಗತಿಯಲ್ಲಿಯೂ ಸರಳ ಗುಣಿತಾಕ್ಷರಗಳಲ್ಲಿ ಎಡವುವ ಮಗುವನ್ನು ‘ತಾನಾಗಿ ಸರಿಹೋಗುತ್ತದೆ’ ಎಂದು ಬಿಡಬಾರದು ಎಂಬುದು ಇನ್ನೊಂದು.

ಲಿಪಿಯ ಒಳಗೇ ಇರುವ ಕೆಲವು ತೊಡಕಿನ ನೆಲೆಗಳನ್ನು ಗುರುತಿಸಬಹುದು.

ಮೊದಲನೆಯದು, ನುಡಿಯುವ ಕ್ರಮಕ್ಕೂ ಬರೆಯುವ ಕ್ರಮಕ್ಕೂ ಇರುವ ವ್ಯತ್ಯಾಸ. ‘ಶಕ್ತಿ’ ಎಂಬ ಪದವನ್ನು ನೋಡಿ. ಇಕಾರ ಕೇಳಿಸುವುದು ತಕಾರದ ನಂತರ, ಆದರೆ ಅದರ ಗುಡಿಸು ಕಾಣಿಸುವುದು ಕಕಾರದ ಮೇಲೆ. ಕಣ್ಣಿಗೆ ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಓದುವ ಮಗು ‘ಶಕಿತ’ ಎನ್ನುತ್ತದೆ. ‘ಕರ್ನಾಟಕ’ ಎಂಬಲ್ಲಿ ಅರ್ಕಾವತ್ತು ನಾಕಾರದ ನಂತರ ಬರುತ್ತದೆ, ಅದರ ಧ್ವನಿಯಾದರೋ ಮೊದಲು ಬರಬೇಕು. ‘ಕನಾರ್ಟಕ’ ಎಂಬ ಓದು ಹುಟ್ಟುವುದು ಹೀಗೆ. ನಾವು ನಕ್ಕು ಬಿಡುವ ಈ ತಪ್ಪು ವಾಸ್ತವವಾಗಿ ಲಿಪಿಯನ್ನು ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದಿದುದರ ಫಲ. ಹೆಚ್ಚಿನ ಮಕ್ಕಳು ಇದನ್ನು ದಾಟುತ್ತಾರೆ. ಧ್ವನಿಗಳ ಅನುಕ್ರಮವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಕಷ್ಟವಾದ ಮಗು ಇಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ.

ಎರಡನೆಯದು, ಆಕಾರದ ಸಾಮ್ಯ. ಮ, ಯ, ಝ. ಪ, ಷ, ಫ. ದ, ಧ, ಥ. ರ, ಠ ಇವುಗಳ ನಡುವಿನ ಭೇದ ಒಂದು ಗೆರೆಯದೋ ಚುಕ್ಕೆಯದೋ ಆಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿದ ನಲಿಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ ಎಂಬಂತೆ ಬರೆಯಲು ಸುಲಭವಾದ ಅಕ್ಷರಗಳಿಂದ ಆರಂಭಿಸಿತು. ಬಹುಪಾಲು ಮಕ್ಕಳಿಗೆ ಇದು ಅನುಕೂಲವೇ. ಸಣ್ಣ ಭೇದಗಳನ್ನು ಗುರುತಿಸಲು ಕಷ್ಟಪಡುವ ಮಗುವಿಗೆ ಮಾತ್ರ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಪರಿಚಯಿಸುವುದು ಲೇಸು.

ಮೂರನೆಯದು, ನಿಧಾನ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ ಎಂಬ ಮಾತು ಬಹುಮಟ್ಟಿಗೆ ಸರಿ. ಇಂಥ ಪಾರದರ್ಶಕ ಬರವಣಿಗೆಯ ಭಾಷೆಗಳಲ್ಲಿ ಓದಿನ ತೊಡಕು ತಪ್ಪುಗಳಿಗಿಂತ ಹೆಚ್ಚಾಗಿ ನಿಧಾನದಲ್ಲಿ ಕಾಣಿಸಿಕೊಳ್ಳುತ್ತದೆ. ಇಂಗ್ಲಿಶ್, ಫ್ರೆಂಚ್ ಮತ್ತು ಇಟಾಲಿಯನ್ ಓದುಗರನ್ನು ಹೋಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು, ಡಿಸ್ಲೆಕ್ಸಿಯಾ ಇರುವ ಇಟಲಿಯ ಓದುಗರು ಉಳಿದವರಿಗಿಂತ ಹೆಚ್ಚು ನಿಖರವಾಗಿ ಓದಿದರೂ ಮೂರೂ ಭಾಷೆಗಳವರ ಮಿದುಳಿನ ಚಟುವಟಿಕೆಯಲ್ಲಿ ಒಂದೇ ಬಗೆಯ ವ್ಯತ್ಯಾಸ ಇರುವುದನ್ನು ಕಂಡುಕೊಂಡಿತು. ಅಂದರೆ ಒಂದೊಂದೇ ಅಕ್ಷರ ಕೂಡಿಸಿ ಸರಿಯಾಗಿಯೇ ಓದಿ, ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಮೊದಲನ್ನು ಮರೆತಿರುವ ಕನ್ನಡದ ಮಗುವೂ ನಮ್ಮ ಗಮನಕ್ಕೆ ಬರಬೇಕು. ತಪ್ಪಿಲ್ಲದ ಕಾರಣ ಈ ಮಗುವಿಗೆ ಸಿಗುವುದು ಸಹಾಯವಲ್ಲ, ‘ಸೋಮಾರಿ’ ಎಂಬ ಬಿರುದು.

ಲಿಪಿಸುಧಾರಣೆಯ ಚರ್ಚೆಯನ್ನು ಇಲ್ಲಿ ನೆನೆಯುವುದು ಉಚಿತ. ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಉಚ್ಚಾರಣೆಯಲ್ಲಿಲ್ಲದ ಮಹಾಪ್ರಾಣಾದಿ ಅಕ್ಷರಗಳನ್ನು ಬರಹದಿಂದ ಬಿಡಬೇಕೆಂದು ವಾದಿಸಿದಾಗ ಪರವಿರೋಧಗಳು ಮುಖ್ಯವಾಗಿ ಸಂಸ್ಕೃತದ ಯಜಮಾನಿಕೆ, ಪರಂಪರೆಯ ಮುಂದುವರಿಕೆ ಎಂಬ ನೆಲೆಗಳಲ್ಲಿ ನಡೆದವು. ಓದಲು ತೊಡಕುಪಡುವ ಮಗುವಿನ ನೆಲೆಯಿಂದ ನೋಡಿದರೆ ಆ ಸುಧಾರಣೆಯು ಹೊರೆಯನ್ನು ಸ್ವಲ್ಪ ಇಳಿಸಬಹುದು, ತೊಡಕನ್ನು ತೆಗೆಯಲಾರದು. ‘ಶಕಿತ’ ಎಂದು ಓದುವ ಮಗುವಿಗೆ ಅಡ್ಡಿಯಾಗಿರುವುದು ಮಹಾಪ್ರಾಣವಲ್ಲ. ಲಿಪಿ ಬದಲಾಗುವವರೆಗೆ ಆ ಮಗು ಕಾಯಲೂ ಆರದು.

5. ಮೂರು ಬಗೆಯ ತಪ್ಪುಗಳು

ಮೇಲಿನ ಎರಡು ಎಳೆಗಳನ್ನು, ಅಂದರೆ ನುಡಿ ಪರಿಸರವನ್ನೂ ಲಿಪಿಯ ತೊಡಕನ್ನೂ, ಒಟ್ಟಿಗೆ ತಂದಾಗ ನಾಲ್ಕು ತಾಲ್ಲೂಕುಗಳ ತರಗತಿಯಲ್ಲಿ ಮೂರು ಬಗೆಯ ತಪ್ಪುಗಳು ಬೆರೆತಿರುವುದು ಸ್ಪಷ್ಟವಾಗುತ್ತದೆ.

ಒಂದು, ಉಪಭಾಷೆಯಿಂದ ಬಂದ ತಪ್ಪು. ‘ಭಾರತ’ವನ್ನು ‘ಬಾರತ’ ಎಂದೂ ‘ವಿದ್ಯಾರ್ಥಿ’ಯನ್ನು ‘ವಿದ್ಯಾರ್ತಿ’ ಎಂದೂ ‘ಶಾಲೆ’ಯನ್ನು ‘ಸಾಲಿ’ ಎಂದೂ ಬರೆಯುವ ಮಗು ತಾನು ಆಡುವುದನ್ನು ಸರಿಯಾಗಿಯೇ ಬರೆಯುತ್ತಿದೆ. ‘ಅಕ್ಕಿ’ಯನ್ನು ‘ಹಕ್ಕಿ’ ಎಂದು ಬರೆಯುವ ಮಗು ಶಿಷ್ಟವಾಗಲು ಹೋಗಿ ಅತಿಯಾಗಿ ತಿದ್ದಿಕೊಂಡಿದೆ. ಈ ತಪ್ಪುಗಳಿಗೆ ಕ್ರಮವಿದೆ. ಅದೇ ಊರಿನ, ಅದೇ ಬೀದಿಯ ಉಳಿದ ಮಕ್ಕಳಲ್ಲಿಯೂ ಅವು ಕಾಣುತ್ತವೆ.

ಎರಡು, ಮನೆಮಾತಿನಿಂದ ಬಂದ ತಪ್ಪು. ಇಂಡೋ ಆರ್ಯನ್ ಭಾಷೆಗಳಲ್ಲಿ ಸಾಮಾನ್ಯವಾಗಿ ಎ ಏ, ಒ ಓ ಎಂಬ ಹ್ರಸ್ವ ದೀರ್ಘ ಭೇದ ಅರ್ಥಭೇದಕವಲ್ಲ. ಆದ್ದರಿಂದ ಲಂಬಾಣಿ ಅಥವಾ ಉರ್ದು ಮನೆಮಾತಿನ ಮಗು ‘ಕೆರೆ’ ‘ಕೇರಿ’, ‘ಕೊಡು’ ‘ಕೋಡು’ ಎಂಬಲ್ಲಿ ಎಡವಬಹುದು. ಅದೇ ತಾಂಡಾದ ಮಗುವಿಗೆ ಘಕಾರ ಭಕಾರಗಳು ಕನ್ನಡ ಮನೆಮಾತಿನ ಗೆಳೆಯನಿಗಿಂತ ಸುಲಭವಾಗಬಹುದು, ಏಕೆಂದರೆ ಮನೆಯನ್ನು ‘ಘರ್’ ಎನ್ನುವ ನುಡಿ ಅದರದು. ಒಂದೇ ಮಗುವಿನಲ್ಲಿ ಕಾಣುವ ಈ ಬಲ ಮತ್ತು ತೊಡಕು ಎರಡೂ ಭಾಷಾವೈಜ್ಞಾನಿಕವಾಗಿ ವಿವರಿಸಬಹುದಾದವು.

ಮೂರು, ಓದುಬರಹದ ತೊಡಕಿನಿಂದ ಬಂದ ತಪ್ಪು. ಇದರ ಮುಖ್ಯ ಲಕ್ಷಣ ಅಸ್ಥಿರತೆ. ‘ಸಂತೋಷ’ ಎಂಬ ಪದ ಒಂದೇ ಪುಟದಲ್ಲಿ ಒಮ್ಮೆ ಸರಿಯಾಗಿ, ಒಮ್ಮೆ ಬಿಂದುವಿಲ್ಲದೆ, ಇನ್ನೊಮ್ಮೆ ದೀರ್ಘವಿಲ್ಲದೆ ಬರುತ್ತದೆ. ಮಗು ನಿತ್ಯವೂ ಆಡುವ, ಸ್ಪಷ್ಟವಾಗಿ ಉಚ್ಚರಿಸುವ ಪದದಲ್ಲಿಯೂ ಒತ್ತು ಬಿಟ್ಟುಹೋಗುತ್ತದೆ. ಇಂದು ತಿದ್ದಿದ್ದು ನಾಳೆಗೆ ಉಳಿಯುವುದಿಲ್ಲ. ಬೋರ್ಡಿನಿಂದ ನಕಲು ಮಾಡುವಾಗಲೂ ಅಕ್ಷರಗಳು ಜಾರುತ್ತವೆ. ಬಾಯಿಮಾತಿನಲ್ಲಿ ಹೇಳೆಂದರೆ ಅದೇ ಮಗು ಪಾಠದ ಸಾರವನ್ನು ಚೆನ್ನಾಗಿ ಹೇಳುತ್ತದೆ.

ಈ ಮೂರನ್ನು ಬೇರ್ಪಡಿಸಿಕೊಳ್ಳಲು ಅಧ್ಯಾಪಕರು ಕೆಲವು ಸರಳ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ತಪ್ಪು ಅದೇ ಊರಿನ ಬೇರೆ ಮಕ್ಕಳಲ್ಲಿಯೂ ಇದೆಯೇ? ಅದೇ ಮನೆಮಾತಿನ ಬೇರೆ ಮಕ್ಕಳಲ್ಲಿ ಇದೆಯೇ? ಇದು ಮಗುವಿನ ಉಚ್ಚಾರಣೆಗೆ ಹೊಂದುತ್ತದೆಯೇ? ಪ್ರತಿ ಸಲವೂ ಒಂದೇ ರೀತಿ ಇದೆಯೇ, ಬದಲಾಗುತ್ತದೆಯೇ? ವಿವರಿಸಿ ಹೇಳಿದ ಮೇಲೆ ಕಡಿಮೆಯಾಗುತ್ತದೆಯೇ? ಹೇಳುವ ಶಕ್ತಿಗೂ ಬರೆಯುವ ಶಕ್ತಿಗೂ ದೊಡ್ಡ ಅಂತರವಿದೆಯೇ? ಮೊದಲ ಮೂರಕ್ಕೆ ‘ಹೌದು’ ಎಂಬ ಉತ್ತರ ಹೆಚ್ಚು ಬಂದರೆ ಅದು ಭಾಷಾಬೋಧನೆಯ ಪ್ರಶ್ನೆ. ಊರಿಗೂ ಮನೆಮಾತಿಗೂ ಸಲ್ಲದ, ಬದಲಾಗುತ್ತಲೇ ಇರುವ, ವಿವರಣೆಗೆ ಬಗ್ಗದ ತಪ್ಪುಗಳು ತಿಂಗಳುಗಟ್ಟಲೆ ಉಳಿದರೆ ತಜ್ಞರ ತಪಾಸಣೆ ಅಗತ್ಯ. ಕಣ್ಣು ಮತ್ತು ಕಿವಿಯ ಪರೀಕ್ಷೆ ಅದಕ್ಕಿಂತ ಮೊದಲೇ ಆಗಿರಬೇಕು. ಇದು ರೋಗನಿರ್ಣಯದ ವಿಧಾನವಲ್ಲ. ತಪಾಸಣೆ ಯಾರಿಗೆ ಬೇಕು ಎಂಬುದನ್ನು ತಿಳಿಯುವ ದಾರಿ ಮಾತ್ರ. ಒಂದೇ ಮಗುವಿನಲ್ಲಿ ಮೂರೂ ಬಗೆಯ ತಪ್ಪುಗಳು ಕೂಡಿರಬಹುದು ಎಂಬುದನ್ನೂ ಮರೆಯಬಾರದು. ತಾಂಡಾದ ಮಗುವಿನ ತಪ್ಪಿಗೆಲ್ಲ ಮನೆಮಾತೇ ಕಾರಣವೆಂದು ಬಿಟ್ಟರೆ ಅಲ್ಲಿನ ಡಿಸ್ಲೆಕ್ಸಿಯಾ ಎಂದಿಗೂ ಬೆಳಕಿಗೆ ಬರುವುದಿಲ್ಲ.

6. ಮನೆಯ ಮಾತು

ಓದಿನ ತೊಡಕು ಶಾಲೆಯಲ್ಲಿ ಕಾಣಿಸಿಕೊಂಡರೆ ಆಟಿಸಂ ಮತ್ತು ಎಡಿಎಚ್‌ಡಿಗಳು ಹೆಚ್ಚಾಗಿ ಮೊದಲು ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಇಲ್ಲಿಯೂ ಭಾಷೆಯ ಪಾತ್ರ ಸಣ್ಣದಲ್ಲ.

ಕನ್ನಡದ ದಿನಬಳಕೆ ನೇರಾರ್ಥಕ್ಕಿಂತ ಸೂಚ್ಯಾರ್ಥವನ್ನು ಹೆಚ್ಚು ನೆಚ್ಚುತ್ತದೆ. ಮನೆಯಿಂದ ಹೊರಡುವ ನೆಂಟರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಮಾತನ್ನು ಅದರ ನೇರ ಅರ್ಥದಲ್ಲಿ ಹಿಡಿಯುವ ಆಟಿಸಂನ ಮಗು ಬಾಗಿಲ ಬಳಿ ಅವರಿಗಾಗಿ ಕಾಯುತ್ತ ಕುಳಿತರೆ ಅದನ್ನು ಹಟವೆನ್ನಲಾಗದು. ‘ತಲೆ ತಿನ್ನಬೇಡ’, ‘ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದೆ’, ‘ಕೈಕೊಟ್ಟ’ ಮೊದಲಾದ ನುಡಿಗಟ್ಟುಗಳು ಆ ಮಗುವಿನಲ್ಲಿ ಗೊಂದಲವನ್ನೋ ಭಯವನ್ನೋ ಹುಟ್ಟಿಸಬಹುದು. ‘ಓಡಬೇಡ’ ಎಂಬುದಕ್ಕಿಂತ ‘ನಡೆ’ ಎಂಬುದು ಸ್ಪಷ್ಟ. ‘ಎಷ್ಟು ಹೊತ್ತು ಅಂತ ಆಡ್ತೀಯಾ?’ ಎಂಬ ಪ್ರಶ್ನೆ ಅಪ್ಪಣೆಯೆಂದು ಆ ಮಗುವಿಗೆ ತಿಳಿಯದಿರಬಹುದು. ನುಡಿಗಟ್ಟನ್ನು ಬಳಸಲೇಬಾರದೆಂದಲ್ಲ, ಬಳಸಿದಾಗ ಅದರ ಅರ್ಥವನ್ನು ಬಿಡಿಸಿ ಹೇಳಬೇಕು. ಅಷ್ಟಾದರೆ ಮಗು ಅವುಗಳನ್ನು ಕಲಿಯುತ್ತದೆ, ಎಷ್ಟೋ ವೇಳೆ ಆಸಕ್ತಿಯಿಂದಲೇ ಕಲಿಯುತ್ತದೆ.

ವಾಕ್ಯರಚನೆಯೂ ಗಮನಾರ್ಹ. ಕನ್ನಡದಲ್ಲಿ ಪೂರ್ಣಕ್ರಿಯಾಪದ ಕೊನೆಗೆ ಬರುತ್ತದೆ, ಅದಕ್ಕೆ ಮೊದಲು ಎಷ್ಟಾದರೂ ಕ್ರಿಯಾನ್ಯೂನಗಳನ್ನು ಪೋಣಿಸಬಹುದು. ‘ಕೈಕಾಲು ತೊಳೆದು, ಚೀಲ ಒಳಗಿಟ್ಟು, ಹಾಲು ಕುಡಿದು, ಪುಸ್ತಕ ತಗೊಂಡು ಬಂದು ಕೂತ್ಕೊ’ ಎಂಬುದು ನಮಗೆ ಒಂದು ವಾಕ್ಯ. ಗಮನವನ್ನು ಹಿಡಿದಿಟ್ಟುಕೊಳ್ಳಲು ಕಷ್ಟಪಡುವ ಮಗುವಿಗೆ ಐದು ಕೆಲಸಗಳ ಒಂದು ಸರಪಳಿ. ಮೊದಲಿನದೋ ಕೊನೆಯದೋ ಉಳಿದು ನಡುವಿನದು ಕಳೆದುಹೋಗುತ್ತದೆ. ಒಂದು ಕೆಲಸಕ್ಕೆ ಒಂದು ವಾಕ್ಯ, ಅದು ಮುಗಿದ ಮೇಲೆ ಇನ್ನೊಂದು ಎಂಬ ಪದ್ಧತಿ ಮನೆಗೂ ಸಲ್ಲುತ್ತದೆ, ತರಗತಿಗೂ ಸಲ್ಲುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ, ತಜ್ಞರೂ ಬೇಕಾಗಿಲ್ಲ.

ದಿನಚರಿಯ ಖಚಿತತೆ ಇಂಥ ಮಕ್ಕಳಿಗೆ ನೆಮ್ಮದಿ ಕೊಡುತ್ತದೆ. ಆದರೆ ಒಕ್ಕಲುತನದ ಮನೆಯ ದಿನಚರಿ ಋತುವಿನೊಂದಿಗೆ ಬದಲಾಗುತ್ತದೆ. ಚನ್ನಗಿರಿ ಭಾಗದಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಅಂಗಳದ ತುಂಬ ಸುಲಿಯುವ ಬೇಯಿಸುವ ಕೆಲಸ, ಹೊಸ ಮುಖಗಳು, ಸದ್ದು, ಹೊಗೆ. ಜಗಳೂರಿನ ಕಡೆ ಮಳೆ ಕೈಕೊಟ್ಟ ವರ್ಷ ಮನೆಯೇ ಕೆಲಸ ಅರಸಿ ಬೇರೆ ಊರಿಗೆ ಹೋಗಬಹುದು. ಜಾತ್ರೆಯ ತಮಟೆಯೂ ಧ್ವನಿವರ್ಧಕವೂ ಶಬ್ದವನ್ನು ಸಹಿಸಲಾರದ ಮಗುವಿಗೆ ಹಬ್ಬವಾಗಿರುವುದಿಲ್ಲ. ಬದಲಾವಣೆಯನ್ನು ತಡೆಯಲಾಗದಿದ್ದರೂ ಮುಂಚೆಯೇ ತಿಳಿಸಬಹುದು. ನಾಳೆ ಏನಾಗುತ್ತದೆ ಎಂಬುದನ್ನು ಚಿತ್ರ ಬರೆದೋ ವಸ್ತುಗಳನ್ನು ಸಾಲಾಗಿ ಇಟ್ಟೋ ತೋರಿಸಬಹುದು. ಸದ್ದಿಲ್ಲದ ಒಂದು ಮೂಲೆಯನ್ನು ಮಗುವಿಗೆಂದು ಬಿಟ್ಟುಕೊಡಬಹುದು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಹೊಡೆತದ ಸಮರ್ಥನೆಗೆ ಬಳಸುವುದುಂಟು. ಬಾಗಿಸುವುದೇ ಬೆಳೆಸುವುದು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿದೆ. ಹಾಗೆಯೇ ಮಗುವಿನ ಸ್ಥಿತಿಗೆ ತಾಯಿಯ ಸಾಕಣೆಯನ್ನೋ ಬಸಿರಿನ ದಿನಗಳ ನಡೆಯನ್ನೋ ದೂರುವುದುಂಟು. ತಾಯಿಯ ಮಮತೆಯ ಕೊರತೆಯಿಂದ ಆಟಿಸಂ ಬರುತ್ತದೆಂಬ ವಾದ ಪಶ್ಚಿಮದಲ್ಲಿಯೂ 20ನೆಯ ಶತಮಾನದ ನಡುಭಾಗದಲ್ಲಿ ಪ್ರಚಲಿತವಿದ್ದು ಆಮೇಲೆ ಸಂಪೂರ್ಣವಾಗಿ ತಿರಸ್ಕೃತವಾಯಿತು. ಆ ತಾಯಿಗೆ ಬೇಕಾದುದು ಆರೋಪವಲ್ಲ, ದುಡಿಮೆಯಲ್ಲಿ ಪಾಲುದಾರಿಕೆ.

7. ಶಾಲೆ, ಕಾಯಿದೆ ಮತ್ತು ಪರೀಕ್ಷೆ

2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದು, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅದರಲ್ಲಿ ಸೇರಿವೆ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ಸೂಕ್ತ ಬೋಧನಾ ಕ್ರಮ ಕೈಗೊಳ್ಳಬೇಕೆಂದು ಅದರ 16ನೆಯ ಸೆಕ್ಷನ್ ಹೇಳುತ್ತದೆ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಮುಂತಾದವನ್ನು 17ನೆಯ ಸೆಕ್ಷನ್ ಸೂಚಿಸುತ್ತದೆ.

ಈ ಕೊನೆಯ ಅಂಶ ಕನ್ನಡ ಅಧ್ಯಾಪಕರ ವಿಶೇಷ ಗಮನಕ್ಕೆ ಅರ್ಹವಾದುದು. ಬೆಂಗಳೂರಿನ ಇಂಗ್ಲಿಶ್ ಮಾಧ್ಯಮದ ಶಾಲೆಯಲ್ಲಿ ಕನ್ನಡ ದ್ವಿತೀಯ ಅಥವಾ ತೃತೀಯ ಭಾಷೆಯಾಗಿದ್ದರೆ ವಿನಾಯಿತಿಯೆಂದರೆ ಕನ್ನಡದಿಂದಲೇ ವಿನಾಯಿತಿ ಎಂದಾಗಬಹುದು. ಜಗಳೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆ. ಅಲ್ಲಿ ವಿನಾಯಿತಿ ಸಿಕ್ಕರೂ ಸಿಗುವುದು ಇಂಗ್ಲಿಶ್ ಹಿಂದಿಗಳಿಂದ. ಕನ್ನಡವನ್ನು, ಕನ್ನಡದ ಮೂಲಕ ಗಣಿತ ವಿಜ್ಞಾನಗಳನ್ನು ಆ ಮಗು ಓದಲೇಬೇಕು. ಅಂದರೆ ನಗರದ ಮಗುವಿಗೆ ಕಾಯಿದೆಯು ಕನ್ನಡವನ್ನು ಬಿಡುವ ದಾರಿ ತೋರಿಸಿದರೆ ಗ್ರಾಮದ ಮಗುವಿಗೆ ಕನ್ನಡವನ್ನು ಕಲಿಸುವ ದಾರಿಯೇ ಬೇಕಾಗಿದೆ. ಆ ದಾರಿಯನ್ನು ಇಂಗ್ಲಿಶಿನ ಪರಿಹಾರ ಬೋಧನೆಯ ಪುಸ್ತಕಗಳಿಂದ ಭಾಷಾಂತರಿಸಲು ಬಾರದು, ಕನ್ನಡದ ಲಿಪಿ ಮತ್ತು ನುಡಿಯ ಸ್ವರೂಪದಿಂದಲೇ ಕಟ್ಟಬೇಕು.

ನೆರವಿನ ವ್ಯವಸ್ಥೆಯ ಕೊಂಡಿಗಳು ಕಾಗದದ ಮೇಲೆ ಇವೆ. ಅಂಗನವಾಡಿಯಿಂದ ಶಾಲೆಯವರೆಗೆ ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಬ್ಲಾಕ್ ಹಂತದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಗ್ರಾಮ ಪಂಚಾಯಿತಿ ಹಂತದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಿವೆ. ಆದರೆ ನ್ಯಾಮತಿಯ ಹಳ್ಳಿಯೊಂದರ ಕೂಲಿಯವರಿಗೆ ದಾವಣಗೆರೆಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟಂತೆ. ‘ನಿಮ್ಮ ಮಗ ದಡ್ಡ’ ಎಂಬ ಮಾತನ್ನು ನಂಬಿದವರು ಆ ಕೂಲಿ ಬಿಡುವುದಿಲ್ಲ. ‘ನಿಮ್ಮ ಮಗ ಜಾಣ, ಓದುವ ಕಡೆ ಒಂದು ತೊಡಕಿದೆ, ಅದಕ್ಕೆ ಉಪಾಯವಿದೆ’ ಎಂದು ಶಿಕ್ಷಕರು ಹೇಳಿದರೆ ಬಿಟ್ಟಾರು.

ತರಗತಿಯಲ್ಲಿ ಕೂಡಲೇ ಮಾಡಬಹುದಾದುವು ಹಲವು. ಓದು ಬಾರದ ಮಗುವನ್ನು ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸದಿರುವುದು. ಪದವನ್ನು ಚಪ್ಪಾಳೆ ತಟ್ಟಿ ಉಚ್ಚಾರಾಂಶಗಳಾಗಿ ಒಡೆಯುವ ಆಟ. ಮರಳಿನಲ್ಲಿ ಅಕ್ಷರ ತಿದ್ದಿಸುವುದು. ಒತ್ತಕ್ಷರಕ್ಕೆ ಬೇರೆ ಬಣ್ಣ ಕೊಟ್ಟು ‘ಮೊದಲು ಮೇಲಿನದು, ಆಮೇಲೆ ಕೆಳಗಿನದು, ಸ್ವರ ಕೊನೆಗೆ’ ಎಂಬ ಕ್ರಮವನ್ನು ಬಾಯಲ್ಲಿ ಹೇಳಿಸುವುದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲದಷ್ಟು ಬಿಡುವುಳ್ಳ ಮುದ್ರಣ. ಬರಹದ ಉತ್ತರಕ್ಕೆ ಬದಲಾಗಿ ಕೆಲವೊಮ್ಮೆ ಬಾಯಿಮಾತಿನ ಉತ್ತರವನ್ನು ಒಪ್ಪುವುದು. ಇವುಗಳಲ್ಲಿ ಮರಳಿನ ಅಕ್ಷರವೂ ಬಾಯಿಪಾಠವೂ ನಮ್ಮ ಹಳೆಯ ಕೂಲಿಮಠಗಳಲ್ಲಿ ಇದ್ದುವೇ. ಅಲ್ಲಿನ ದಂಡನೆಯನ್ನು ಬಿಟ್ಟು ಕೈ, ಕಿವಿ, ಕಣ್ಣುಗಳನ್ನು ಒಟ್ಟಿಗೆ ದುಡಿಸುವ ಆ ವಿಧಾನವನ್ನು ಉಳಿಸಿಕೊಳ್ಳಬಹುದು.

8. ಸಮಾರೋಪ

ಈವರೆಗಿನ ಚರ್ಚೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಕನ್ನಡದಲ್ಲಿ ಓದುಬರಹದ ತೊಡಕು ಕಾಣಿಸಿಕೊಳ್ಳುವ ಬಗೆ ಕನ್ನಡದ್ದೇ. ಅದನ್ನು ಗುರುತಿಸಲು ಲಿಪಿ ಮತ್ತು ಉಪಭಾಷೆಗಳ ಅರಿವು ಬೇಕು. ಆ ಅರಿವು ಇರುವುದು ಕನ್ನಡ ವಿಭಾಗಗಳಲ್ಲಿ. ಆದರೆ ಅದು ಶಿಕ್ಷಕರಿಗೂ ತಾಯ್ತಂದೆಗಳಿಗೂ ತಲುಪುವ ದಾರಿಯನ್ನು ನಾವು ಮಾಡಿಲ್ಲ.

ಇದಕ್ಕೆ ಕೆಲವು ಕೆಲಸಗಳನ್ನು ಸೂಚಿಸಬಹುದು. ಉಪಭಾಷಾ ಅಧ್ಯಯನಗಳನ್ನು ಆಧರಿಸಿ, ಪ್ರತಿ ಸೀಮೆಯ ಮಕ್ಕಳ ಬರಹದಲ್ಲಿ ಸಹಜವಾಗಿ ಬರುವ ತಪ್ಪುಗಳ ಪಟ್ಟಿಯನ್ನು ಶಿಕ್ಷಕರಿಗಾಗಿ ಸಿದ್ಧಪಡಿಸುವುದು ಮೊದಲನೆಯದು. ಆ ಪಟ್ಟಿಗೆ ಸೇರದ ತಪ್ಪೇ ಮುಂದಿನ ತಪಾಸಣೆಗೆ ಸೂಚನೆಯಾಗುತ್ತದೆ. ಲಂಬಾಣಿ ಮತ್ತು ಉರ್ದು ಮನೆಮಾತಿನ ಮಕ್ಕಳ ಕನ್ನಡ ಬರಹವನ್ನು ಪ್ರತ್ಯೇಕವಾಗಿ ಅಭ್ಯಸಿಸುವುದು ಎರಡನೆಯದು. ಸ್ನಾತಕೋತ್ತರ ಮತ್ತು ಬಿ.ಇಡಿ. ಪಠ್ಯಕ್ರಮಗಳಲ್ಲಿ ‘ಕನ್ನಡ ಓದಿನ ಮನೋಭಾಷಾವಿಜ್ಞಾನ’ಕ್ಕೆ ಒಂದು ಘಟಕವನ್ನಾದರೂ ಮೀಸಲಿಡುವುದು ಮೂರನೆಯದು. ನಾವೇ ಮೌಲ್ಯಮಾಪನ ಮಾಡುವ ಪದವಿ ಪರೀಕ್ಷೆಗಳಲ್ಲಿ ವಿಷಯಜ್ಞಾನಕ್ಕೂ ಕಾಗುಣಿತಕ್ಕೂ ಬೇರೆ ಬೇರೆ ಅಂಕಗಳನ್ನು ಇಡುವುದು ನಾಲ್ಕನೆಯದು. ಇವುಗಳಲ್ಲಿ ಕೊನೆಯದನ್ನು ಅಧ್ಯಯನ ಮಂಡಳಿಯ ಒಂದು ಸಭೆಯಲ್ಲಿ ತೀರ್ಮಾನಿಸಬಹುದು.

ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದ ಕಾವ್ಯವನ್ನು, ಅಕ್ಷರ ಅರಿಯದವರು ಕಟ್ಟಿದ ಹಾಡು ಕಥೆಗಳನ್ನು ನಾವು ಸಂಗ್ರಹಿಸಿ, ಸಂಪಾದಿಸಿ, ಪಠ್ಯವಾಗಿಸಿ ಗೌರವಿಸಿದ್ದೇವೆ. ಅಕ್ಷರವೇ ಅರಿವಲ್ಲ ಎಂಬುದು ಜಾನಪದ ಅಧ್ಯಯನ ನಮಗೆ ಕಲಿಸಿದ ಪಾಠ. ಆ ಪಾಠವನ್ನು ಉತ್ತರಪತ್ರಿಕೆಯ ಎದುರು ಕುಳಿತಾಗಲೂ ನೆನಪಿಡಬೇಕಾಗಿದೆ. ಶಾಂತವ್ವನ ಕಥೆ ಹೇಳಿದ ಹುಡುಗನ ಉತ್ತರಪತ್ರಿಕೆ ಇಂದು ನನ್ನ ಕೈಗೆ ಬಂದರೆ ನಾನು ‘ಅಜಾಗರೂಕತೆ’ ಎಂದು ಬರೆಯಲಾರೆ. ‘ಬಂದು ಕಾಣು’ ಎಂದು ಬರೆಯುತ್ತೇನೆ.